ಮೂವತ್ತು ವರ್ಷದ ಬಾಟಲಿ, ಮೂರು ವರ್ಷದ ಮೂಗು

ಮಾರ್ಚ್ 3, ಸೋಮವಾರ

ಇವತ್ತು ಒಂದು ಸುಳ್ಳು ಹೇಳಿದೆ. ಬರೆದಿಟ್ಟರೆ ಮನಸ್ಸು ಸ್ವಲ್ಪ ಹಗುರಾಗಬಹುದೆಂದು ಬರೆಯುತ್ತಿದ್ದೇನೆ.

ಮಗಳು ಮದುವೆಯಾಗಲಿರುವ ಹುಡುಗನ ಅಪ್ಪ ಬೆಳಿಗ್ಗೆ ನನ್ನ ಕನ್ನಡಕದ ಅಂಗಡಿಗೆ ಫೋನ್ ಮಾಡಿದ್ದರು. ಹಡಗಿನ ಕ್ಯಾಪ್ಟನ್ ಆಗಿದ್ದು ನಿವೃತ್ತರಾದವರು. ಈಗಲೂ ಎದುರುಗಾಳಿಯಲ್ಲಿ ನಿಂತು ಮಾತಾಡಿದಂತೆ ಮಾತಾಡುತ್ತಾರೆ. ಹೋದ ತಿಂಗಳು ಎರಡೂ ಮನೆಯವರು ಮೊದಲ ಸಲ ಒಟ್ಟಿಗೆ ಊಟಕ್ಕೆ ಕೂತಾಗ, ಎರಡೂವರೆ ಗಂಟೆಯಲ್ಲಿ ನಾನು ಆಡಿದ್ದು ಮೂರು ವಾಕ್ಯ. ಮೂರೂ ಕನ್ನಡಕದ ಗಾಜಿನ ಬಗ್ಗೆ. ವಾಪಸು ಬರುವಾಗ ಮಗಳು, "ಅಪ್ಪಾ, ನಿನಗೆ ತಾವು ಇಷ್ಟ ಆಗ್ಲಿಲ್ಲ ಅಂತ ಅವರು ಅಂದ್ಕೊಂಡಿದ್ದಾರೆ," ಎಂದಳು. ಇಷ್ಟವಾಗಿದ್ದರು. ಏನು ಮಾತಾಡಬೇಕೆಂದು ತೋಚಲಿಲ್ಲ, ಅಷ್ಟೆ. ಹೆಂಡತಿ ಇದ್ದಾಗ ನನ್ನ ಪಾಲಿನ ಮಾತನ್ನೂ ಅವಳೇ ಆಡಿಬಿಡುತ್ತಿದ್ದಳು. ಅವಳು ಹೋಗಿ ಮೂರು ವರ್ಷವಾಯಿತು. ಅಭ್ಯಾಸ ಇನ್ನೂ ಬಂದಿಲ್ಲ.

ಕ್ಯಾಪ್ಟನ್ ಹೇಳಿದ್ದಿಷ್ಟು. ಅವರ ಬಳಿ ಒಂದು ಬಾಟಲಿ ಬರೋಲೊ ಇದೆ. ಇಟಲಿಯ ಕೆಂಪು ವೈನ್. ಹುಡುಗ ಹುಟ್ಟಿದ ವರ್ಷದ ದ್ರಾಕ್ಷಿಯದು. ಹಾಗಾಗಿ ಹುಡುಗನಿಗೂ ಅದಕ್ಕೂ ಒಂದೇ ವಯಸ್ಸು, ಮೂವತ್ತು. ಮೂವತ್ತನೇ ತಾರೀಖು ಭಾನುವಾರ ಮಧ್ಯಾಹ್ನ ಎರಡು ಮನೆಯವರೂ ಸೇರಿ ತೆಗೆಯೋಣ ಎಂದರು. "ನಿಮಗೆ ವೈನ್ ಆಗುತ್ತೋ?" ಎಂದು ಕೇಳಿದರು.

ಇಲ್ಲ ಅಂದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಮಗಳ ಮುಖ ನೆನಪಾಯಿತು. "ಹಳೇ ವೈನ್ ಅಂದ್ರೆ ನನಗೂ ಒಂಥರಾ ಹುಚ್ಚು," ಎಂದುಬಿಟ್ಟೆ.

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಅವರು ಎದ್ದು ನಿಂತಿರಬೇಕು. "ಮೊದಲೇ ಹೇಳೋದಲ್ವಾ ಬೀಗರೇ. ಹಾಗಾದ್ರೆ ನೀವೇ ಮೊದಲು ರುಚಿ ನೋಡಿ ಹೇಳ್ಬೇಕು."

ನಾನು ಜೀವಮಾನದಲ್ಲಿ ವೈನ್ ಕುಡಿದಿರುವುದು ಒಂದೇ ಸಲ. ಕೆಮ್ಮಿನ ಔಷಧಿ ಕೆಟ್ಟಿದೆ ಅಂದುಕೊಂಡಿದ್ದೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನನಗೆ ವಾಸನೆ ಬರುವುದಿಲ್ಲ. ಹೆಂಡತಿ ಹೋದ ಆ ಚಳಿಗಾಲದಲ್ಲೇ ನನಗೂ ಜ್ವರ ಬಂದು ಮೂಗು ಕೆಟ್ಟಿತು. ಡಾಕ್ಟರು, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಯಾರಿಗೂ ಹೇಳಿಲ್ಲ. ಹೇಳುವಂಥ ವಿಷಯ ಅನ್ನಿಸಲಿಲ್ಲ.

ಮಾರ್ಚ್ 5, ಬುಧವಾರ

ಅಕ್ಕನಿಗೆ ಸುಳ್ಳಿನ ವಿಷಯ ಮಾತ್ರ ಹೇಳಿದೆ, ಮೂಗಿನದಲ್ಲ. ಅಕ್ಕ ಶಾಲೆಯಲ್ಲಿ ವ್ಯಾಯಾಮದ ಟೀಚರ್ ಆಗಿದ್ದವಳು. ನಮ್ಮ ಜೊತೆ ಇರಲು ಬಂದು ಎರಡು ವರ್ಷವಾದರೂ ಸೀಟಿ ಇನ್ನೂ ಅವಳ ಕೊರಳಲ್ಲೇ ಇದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಕ್ಯಾಲೆಂಡರ್ ನೋಡಿ, "ಇಪ್ಪತ್ತೈದು ದಿನ ಇದೆ. ಇದಕ್ಕಿಂತ ಕಡಿಮೆ ಟೈಮಲ್ಲಿ ಈಜು ಬಾರದವರನ್ನ ಸ್ಪರ್ಧೆಗೆ ಇಳಿಸಿದೀನಿ," ಎಂದಳು.

ಅವರು ಗೆದ್ದರೇ ಎಂದು ಕೇಳಿದೆ.

"ಮುಳುಗಲಿಲ್ಲ."

ಸಂಜೆಯೊಳಗೆ ಅವಳೇ ವಿಚಾರಿಸಿಕೊಂಡು ಬಂದಳು. ಎರಡು ಬೀದಿ ಆಚೆಯ ವೈನ್ ಅಂಗಡಿಯ ಮಹಡಿಯಲ್ಲಿ ಬುಧವಾರ ಬುಧವಾರ ಸಂಜೆ ಆರಕ್ಕೆ ಪಾಠವಂತೆ. ನನ್ನ ಹೆಸರು ಬರೆಸಿಯೇ ಬಂದಿದ್ದಳು. "ಬಾಯಿಗೆ ಬೀಗ ಹಾಕ್ಕೊಂಡಿರೋ ಬೀಗ ಯಾರಿಗೆ ಬೇಕು? ಹೋಗಿ ಕಲಿ," ಎಂದಳು.

ಮಾರ್ಚ್ 12, ಬುಧವಾರ

ಮೊದಲ ಪಾಠ. ಮಾನ ಹೋಯಿತು.

ಎಂಟು ಜನ, ಒಂದು ಉದ್ದನೆಯ ಮೇಜು, ಪ್ರತಿಯೊಬ್ಬರ ಮುಂದೆ ಮೂರು ಗ್ಲಾಸು ಮತ್ತು ಒಂದು ಹಾಳೆ. ಕಲಿಸುವಾಕೆಗೆ ನಲವತ್ತರ ಆಸುಪಾಸು. ಅಂಗಡಿಯವರು ಆಕೆಯನ್ನು ಮೂಗು ಮೇಡಂ ಎಂದೇ ಕರೆಯುತ್ತಾರೆ. ಗ್ಲಾಸನ್ನು ಕಾಲಲ್ಲಿ ಹಿಡಿಯಬೇಕು ಎಂದರು. ನಾನು ನನ್ನ ಕಾಲು ನೋಡಿಕೊಂಡೆ. ಗ್ಲಾಸಿನ ಕಾಲಂತೆ. ಆಮೇಲೆ ಗ್ಲಾಸಿನೊಳಗೆ ಮೂಗಿಟ್ಟು ಏನೇನು ವಾಸನೆ ಬಂತೋ ಹಾಳೆಯ ಮೇಲೆ ಬರೆಯಿರಿ ಎಂದರು.

ಇಟ್ಟೆ. ಏನೂ ಬರಲಿಲ್ಲ. ಮೂಗಿನ ತುದಿ ಒದ್ದೆಯಾಯಿತು. ಎಲ್ಲರೂ ಸರಸರ ಬರೆಯುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಬ್ಯಾಂಕಿನಾಕೆಯ ಮುಂದೆ ಒಂದು ಚೀಟಿ ಇತ್ತು. ಪರೀಕ್ಷೆಯಲ್ಲಿ ಕೂಡ ಕಾಪಿ ಹೊಡೆಯದ ನಾನು ಅರವತ್ತೊಂದನೇ ವಯಸ್ಸಿನಲ್ಲಿ ಓರೆಗಣ್ಣು ಬಿಟ್ಟು ಅದನ್ನೇ ಇಳಿಸಿಕೊಂಡೆ.

ಮೇಡಂ ನನ್ನ ಹಾಳೆ ಎತ್ತಿ ಗಟ್ಟಿಯಾಗಿ ಓದಿದರು. "ಈರುಳ್ಳಿ. ಬಟ್ಟೆ ಸೋಪು. ಬಲ್ಬು ಎರಡು."

ಅದು ಬ್ಯಾಂಕಿನಾಕೆ ಮನೆಗೆ ಹೋಗುತ್ತಾ ಕೊಳ್ಳಬೇಕಿದ್ದ ಸಾಮಾನಿನ ಪಟ್ಟಿ.

ಮೇಡಂ ನಗಲಿಲ್ಲ. ಗ್ಲಾಸನ್ನು ಮತ್ತೊಮ್ಮೆ ಮೂಸಿ, "ಸೋಪು... ಒಂದು ಸ್ವಲ್ಪ ಇರಬಹುದು," ಎಂದರು. ಬ್ಯಾಂಕಿನಾಕೆ ಸುಮ್ಮನೆ ತನ್ನ ಚೀಟಿಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ಪಾಠ ಮುಗಿದ ಮೇಲೆ ಎಲ್ಲರೂ ಕೆಳಗೆ ನಿಂತು ಹರಟುತ್ತಿದ್ದರು. ನಾನು ಹಿಂದಿನ ಮೆಟ್ಟಿಲಿಂದ ಇಳಿದು ಬಂದೆ.

ಮಾರ್ಚ್ 13, ಗುರುವಾರ

ಪಾಠದ ಕಥೆ ಕೇಳಿ ಅಕ್ಕ ಮನೆಯಲ್ಲೇ ತರಬೇತಿ ಶುರು ಮಾಡಿದಳು. ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಒಂದೊಂದೇ ಡಬ್ಬಿ ಮೂಗಿನ ಕೆಳಗೆ ಹಿಡಿದಳು.

"ಇದು?"

ವೈನಿನ ಪುಸ್ತಕದಲ್ಲಿ ಓದಿದ್ದು ನೆನಪಿತ್ತು. ಗುಲಾಬಿ ಎಂದೆ.

"ಇದು?"

ಒಣಗಿದ ಗುಲಾಬಿ ಎಂದೆ.

ಅಕ್ಕ ಬಟ್ಟೆ ಬಿಚ್ಚಿದಳು. ಮೇಜಿನ ಮೇಲೆ ಬೂಟು ಪಾಲಿಶ್ ಮತ್ತು ಸೀಮೆಎಣ್ಣೆ ಇದ್ದವು. ನನ್ನನ್ನೇ ನೋಡಿದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಹೇಳಿದೆ.

"ಮೂರು ವರ್ಷದಿಂದ?"

"ಹೂಂ."

"ಹಾಗಾದ್ರೆ ದಿನಾ ನನ್ನ ಅಡುಗೆ ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ದೆಯಲ್ಲೋ?"

"ಬಿಸಿಯಾಗಿರುತ್ತೆ," ಎಂದೆ.

ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರ್ಚ್ 15, ಶನಿವಾರ

ಅಕ್ಕ ಮಾತು ಬಿಟ್ಟಿದ್ದಾಳೆ. ಏನಾದರೂ ಹೇಳಬೇಕಾದರೆ ಸೀಟಿ ಊದುತ್ತಾಳೆ. ಒಂದು ಸಲ ಊದಿದರೆ ಕಾಫಿ, ಎರಡು ಸಲ ಊದಿದರೆ ಊಟ.

ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಗ್ಲಾಸು ತಿರುಗಿಸುವುದನ್ನು ಅಭ್ಯಾಸ ಮಾಡುತ್ತಿದ್ದೆ, ನೀರು ಹಾಕಿಕೊಂಡು. ವೈನನ್ನು ಗ್ಲಾಸಿನಲ್ಲಿ ದುಂಡಗೆ ಸುತ್ತಿಸಿದರೆ ವಾಸನೆ ಏಳುತ್ತದಂತೆ. ಕೈ ಚೆನ್ನಾಗಿ ಪಳಗುತ್ತಿತ್ತು. ಅಷ್ಟರಲ್ಲಿ ಹೊಸ ಕನ್ನಡಕ ತೆಗೆದುಕೊಂಡು ಹೋಗಲು ರಿಟೈರ್ಡ್ ಜಡ್ಜ್ ಒಬ್ಬರು ಬಂದರು. ನಾನು ಒಂದು ಕೈಯಲ್ಲಿ ಅವರ ಕಿವಿಯ ಹಿಂದೆ ಕಡ್ಡಿ ಸರಿ ಮಾಡುತ್ತಾ, ಇನ್ನೊಂದು ಕೈಯಲ್ಲಿ ಗ್ಲಾಸು ಇದ್ದದ್ದನ್ನೇ ಮರೆತು ತಿರುಗಿಸುತ್ತಲೇ ಇದ್ದೆ. "ಈಗ ಹೇಗೆ ಕಾಣುತ್ತೆ ಸಾರ್?" ಎಂದು ಕೇಳಿದ ಕ್ಷಣಕ್ಕೆ ಸರಿಯಾಗಿ ನೀರು ಅವರ ಮುಖಕ್ಕೆ ಹಾರಿತು.

"ಮಂಜುಮಂಜು," ಎಂದರು.

ಮಾರ್ಚ್ 19, ಬುಧವಾರ

ಎರಡನೇ ಪಾಠ. ಅರ್ಧ ಗಂಟೆ ಮೊದಲೇ ಹೋಗಿ ಮೂಗು ಮೇಡಂಗೆ ನಿಜ ಹೇಳಿಬಿಟ್ಟೆ. ಆಕೆಗೆ ಆಶ್ಚರ್ಯವಾಗಲಿಲ್ಲ. "ಬಲ್ಬಿಗೆ ವಾಸನೆ ಇಲ್ಲ ಸಾರ್, ಅವತ್ತೇ ಗೊತ್ತಾಯ್ತು," ಎಂದರು. ಅವರಿಗೂ ಒಮ್ಮೆ ಹೀಗೆ ಆಗಿತ್ತಂತೆ, ಏಳು ತಿಂಗಳು. ಈ ಕೆಲಸದಲ್ಲಿದ್ದುಕೊಂಡು ಏಳು ತಿಂಗಳು ಹೇಗೆ ತಳ್ಳಿದಿರಿ ಎಂದು ಕೇಳಿದೆ.

"ಅತ್ತುಬಿಟ್ಟೆ. ಎಲ್ಲರ ಎದುರಿಗೆ ಅಲ್ಲ, ಗೋಡೌನಲ್ಲಿ. ಆಮೇಲೆ ದಿನಾ ನಾಲ್ಕು ಡಬ್ಬಿ ಮೂಸಿದೆ. ಅದೇ ನಾಲ್ಕು. ಬೆಳಿಗ್ಗೆ, ಸಂಜೆ. ಬರಲಿ ಬಿಡಲಿ."

ಲವಂಗ, ನಿಂಬೆ ಸಿಪ್ಪೆ, ಕಾಫಿ ಪುಡಿ, ಒಣಗಿದ ಗುಲಾಬಿ ಎಂದು ಬರೆದುಕೊಟ್ಟರು.

ಮನೆಗೆ ಬಂದರೆ ಮೇಲಿನ ಮನೆಯವರು ಬಾಗಿಲಿಗೆಲ್ಲ ಪೇಂಟು ಹೊಡೆಸುತ್ತಿದ್ದರು. ತಲೆನೋವು ಬರುವ ವಾಸನೆ. ಕಿಟಕಿ ಎಲ್ಲ ಹಾಕಿದೆ, ಆದರೂ ತಡೆಯಲಿಲ್ಲ. ಆಮೇಲೆ ನಾಲ್ಕು ಡಬ್ಬಿಯನ್ನೂ ಶ್ರದ್ಧೆಯಿಂದ ಮೂಸಿದೆ. ಏನೂ ಬರಲಿಲ್ಲ. ಮೂಗು ಪೂರ್ತಿ ಹೋಗಿದೆ.

ಮಾರ್ಚ್ 23, ಭಾನುವಾರ

ಅಕ್ಕ ಮಾತಾಡಿದಳು. ಹೀಗೆ.

ರುಚಿ ನೋಡಿದ ವೈನನ್ನು ಉಗುಳಲೂ ಬರಬೇಕು, ಗೆರೆ ಎಳೆದ ಹಾಗೆ, ಗಲ್ಲಕ್ಕೆ ಸೋಕದಂತೆ. ಬಾತ್‌ರೂಮಿನಲ್ಲಿ ಬಕೆಟ್ ಇಟ್ಟು, ಕಪ್ಪು ಕಾಫಿ ಬಾಯಿಗೆ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೆ. ಹತ್ತು ಸಲದಲ್ಲಿ ಮೂರು ಸಲ ಮಾತ್ರ ಬಕೆಟ್ಟಿಗೆ ಬಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ. "ನಾಲಿಗೆ ಹಿಂದಕ್ಕೆಳಿ. ತುಟಿ ಬಿಗಿ ಮಾಡು. ಹೊಟ್ಟೆಯಿಂದ ಊದು, ಗಂಟಲಿಂದ ಅಲ್ಲ," ಎಂದಳು. ಮಾಡಿ ತೋರಿಸು ಎಂದೆ. ತೋರಿಸಿದಳು. ಆರು ಅಡಿ ದೂರದಿಂದ, ಸದ್ದೇ ಇಲ್ಲದೆ, ಬಕೆಟ್ಟಿನ ನಟ್ಟನಡುವೆ. ಅರವತ್ತಾರು ವರ್ಷ ಅವಳಿಗೆ.

ಗೋಡೆ ತೊಳೆಯುವಾಗ ಕ್ಷಮಿಸು ಅಂದೆ. "ಬಿಸಿಯಾಗಿರುತ್ತೆ ಅಂದೆಯಲ್ಲ, ಅದು ಹೊಟ್ಟೆಗೆ ಚುಚ್ಚಿದ ಹಾಗಾಯ್ತು," ಎಂದಳು. ಆಮೇಲೆ, "ಹೇಳಿದ್ರೆ ಖಾರ ಜಾಸ್ತಿ ಹಾಕಿ ಕೊಡ್ತಿದ್ನಲ್ಲೋ. ಅದಾದರೂ ಗೊತ್ತಾಗ್ತಿತ್ತು," ಎಂದಳು.

ಮಾರ್ಚ್ 26, ಬುಧವಾರ

ಕೊನೆಯ ಪಾಠ. ನನ್ನ ಅಂಗಡಿಯಿಂದ ಬರುವಾಗ ಬಸ್ಸಿನಲ್ಲಿ ಪಕ್ಕದವನು ಬೆಳ್ಳುಳ್ಳಿ ತಿಂದು ಬಂದಿದ್ದ. ಎದ್ದು ಹಿಂದೆ ಹೋಗಿ ಕೂರಬೇಕಾಯಿತು. ಜನಕ್ಕೆ ಇನ್ನೊಬ್ಬರ ಪರಿವೆಯೇ ಇರುವುದಿಲ್ಲ.

ಇವತ್ತು ಹಳೆಯ ವೈನಿನ ಪಾಠ. ಮೇಡಂ ಹೇಳಿದ್ದನ್ನು ಬರೆದಿಡುತ್ತೇನೆ, ಭಾನುವಾರಕ್ಕೆ ಬೇಕಾಗುತ್ತದೆ. ಹಳೆಯ ಬರೋಲೊ ನೋಡಲು ತೆಳ್ಳಗೆ, ಇಟ್ಟಿಗೆ ಬಣ್ಣಕ್ಕಿರುತ್ತದೆ. ಹೆದರಬಾರದು. ತಳದಲ್ಲಿ ಗಸಿ ಇರುತ್ತದೆ. ಬಾಟಲಿ ಅಲುಗಿಸಬಾರದು. ತೆಗೆದ ಕೂಡಲೇ ಏನೂ ಹೇಳದೆ ಮುದುಡಿಕೊಂಡಿರಬಹುದು. "ಮೂವತ್ತು ವರ್ಷ ಕತ್ತಲಲ್ಲಿ ಮಲಗಿದ್ದವರನ್ನ ಎಬ್ಬಿಸಿ, ತಕ್ಷಣ ಮಾತಾಡು ಅಂದ್ರೆ ಮಾತಾಡ್ತಾರಾ? ಒಂದು ಗಂಟೆ ಬಿಡಿ. ಸ್ವಲ್ಪ ಜಾಸ್ತಿನೇ ಬಿಡಿ," ಎಂದರು.

ಏಳಕ್ಕೆ ಪಾಠ ಮುಗಿದ ಮೇಲೆ ಕೆಳಗೆ ಎಲ್ಲರ ಜೊತೆ ಒಂದು ಹತ್ತು ನಿಮಿಷ ನಿಂತೆ. ಬ್ಯಾಂಕಿನಾಕೆಗೆ ಹತ್ತಿರದ ದೃಷ್ಟಿ ಮಂಜಾಗಿದೆಯಂತೆ. ವಿವರಿಸಿದೆ. ಮನೆಗೆ ಬಂದಾಗ ಎಂಟೂವರೆಯಾಗಿತ್ತು. ಗಡಿಯಾರ ತಪ್ಪು ತೋರಿಸುತ್ತಿದೆ ಅಂದುಕೊಂಡೆ.

ಮಾರ್ಚ್ 29, ಶನಿವಾರ

ನಾಳೆ. ಕ್ಯಾಪ್ಟನ್ ಮೂರು ಸಲ ಫೋನ್ ಮಾಡಿದರು. ಬಾಟಲಿಯನ್ನು ನಿನ್ನೆಯಿಂದಲೇ ನೆಟ್ಟಗೆ ನಿಲ್ಲಿಸಿದ್ದಾರಂತೆ. ಮನೆಯಲ್ಲಿ ಯಾರೂ ಜೋರಾಗಿ ನಡೆಯುವಂತಿಲ್ಲವಂತೆ.

ಡಬ್ಬಿ ಮೂಸಿದೆ. ಇಲ್ಲ. ನಿದ್ದೆಯೂ ಇಲ್ಲ.

ಮಾರ್ಚ್ 30, ಭಾನುವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಹನ್ನೆರಡಕ್ಕೆ ಹೋದೆವು, ನಾನು, ಅಕ್ಕ, ಮಗಳು. ಆರನೇ ಮಹಡಿ. ಬೀಗಿತ್ತಿ ಬಾಗಿಲು ತೆಗೆದು, ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಗೆ ಬನ್ನಿ, ಅದು ಎದ್ದುಬಿಡುತ್ತಂತೆ," ಎಂದು ಪಿಸುಗುಟ್ಟಿದರು. ಊಟದ ಮೇಜಿನ ನಡುವೆ ಬಾಟಲಿ ನಿಂತಿತ್ತು. ಸುತ್ತಲೂ ಒಂದು ತಟ್ಟೆಯೂ ಇಲ್ಲ. ಹುಡುಗ ಗೋಡೆಗೆ ಒತ್ತಿಕೊಂಡು ನಿಂತಿದ್ದ.

ಕ್ಯಾಪ್ಟನ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಸಮುದ್ರದಲ್ಲಿ ಎಂಥೆಂಥ ಬಿರುಗಾಳಿ ನೋಡಿದವರು, ಬಿರಡೆಯೊಳಗೆ ತಿರುಪು ಇಳಿಸುವ ಮೊದಲು ಎರಡು ಸಲ ಕೈ ಒರೆಸಿಕೊಂಡರು. ಬಿರಡೆಯ ಅರ್ಧ ಮೇಲೆ ಬಂತು. ಇನ್ನರ್ಧ ಪುಡಿಪುಡಿಯಾಗಿ ಒಳಗೆ ಬಿತ್ತು. ಬೀಗಿತ್ತಿ ಟೀ ಸೋಸುವ ಜಾಲರಿ ತಂದರು. ಅದರಲ್ಲಿ ಸೋಸಿದರೆ ಟೀ ವಾಸನೆ ಬರುತ್ತದೆ ಎಂದು ಕ್ಯಾಪ್ಟನ್ ಬೇಡವೆಂದರು. ನಾನು ಜೇಬಿನಿಂದ ಒಂದು ತೆಳು ಬಿಳಿ ಬಟ್ಟೆ ತೆಗೆದೆ. ಅಂಗಡಿಯದು, ಒಗೆದು ಮಡಿಸಿಟ್ಟದ್ದು, ಬಳಸಿರಲಿಲ್ಲ.

"ಇದರಲ್ಲಿ ಕನ್ನಡಕ ಒರೆಸ್ತೀರಾ?"

"ಇನ್ನೂ ಒರೆಸಿಲ್ಲ."

ಅದರ ಮೂಲಕ ಹನಿಹನಿಯಾಗಿ ಗಾಜಿನ ಹೂಜಿಗೆ ಸೋಸಿದೆವು. ನಾನು ಬಟ್ಟೆ ಹಿಡಿದುಕೊಂಡೆ, ಅವರು ಬಗ್ಗಿಸಿದರು. ಇಬ್ಬರ ಹಣೆಯೂ ಎರಡು ಸಲ ಢಿಕ್ಕಿ ಹೊಡೆಯಿತು.

ನಾನೇ ಮೊದಲು ರುಚಿ ನೋಡಬೇಕು ಎಂದದ್ದನ್ನು ಮರೆತು ಕ್ಯಾಪ್ಟನ್ ಒಂದು ಗ್ಲಾಸಿಗೆ ಹಾಕಿ ಬೆಳಕಿಗೆ ಹಿಡಿದರು. ಮಾಸಿದ ಇಟ್ಟಿಗೆಯ ಬಣ್ಣ, ಅಂಚಿನಲ್ಲಿ ಬರೀ ಕಿತ್ತಳೆ. ಮೂಸಿದರು. ಒಂದು ಗುಟುಕು ಕುಡಿದರು. ಮುಖ ಇಳಿದುಹೋಯಿತು.

"ಸತ್ತುಹೋಗಿದೆ," ಎಂದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಹನ್ನೊಂದು ಮನೆ ಬದಲಾಯಿಸಿದ್ವಿ. ಹನ್ನೊಂದು ಸಲಾನೂ ತೊಡೆ ಮೇಲೆ ಇಟ್ಕೊಂಡು ಬಂದಿದ್ದೆ."

"ಬಾಟಲಿ ಕಾರಲ್ಲಿ ಬಂತು. ಮಗ ಸಾಮಾನಿನ ಲಾರೀಲಿ ಬಂದ," ಎಂದರು ಬೀಗಿತ್ತಿ.

ಕ್ಯಾಪ್ಟನ್ ನಗಲಿಲ್ಲ. ಹೂಜಿ ಎತ್ತಿಕೊಂಡು ಅಡುಗೆಮನೆಯ ಸಿಂಕಿನ ಕಡೆ ಹೊರಟರು. ನಾನು ಎದ್ದು ಅಡ್ಡ ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ. ಹೂಜಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ, ಅವರೂ ಬಿಟ್ಟಿರಲಿಲ್ಲ.

"ಚೆಲ್ಲಬೇಡಿ ಕ್ಯಾಪ್ಟನ್‌ರೇ. ಒಂದು ಗಂಟೆ ಕೊಡಿ ಅದಕ್ಕೆ."

"ನೀವು ತಿಳಿದವರು. ನಿಮ್ಮ ಮೂಗಿಗೆ ಇದರಲ್ಲಿ ಜೀವ ಇದೆ ಅನ್ನಿಸ್ತಾ? ಹೇಳಿ, ಕಾಯ್ತೀನಿ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೂಂ ಅಂದರೆ ಮುಗಿಯುತ್ತಿತ್ತು. ಆ ಮುಖ ನೋಡಿಕೊಂಡು ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನಾನು ತಿಳಿದವನಲ್ಲ. ನನಗೆ ವಾಸನೆಯೇ ಬರಲ್ಲ. ಮೂರು ವರ್ಷ ಆಯ್ತು. ನಿಮ್ಮ ಜೊತೆ ಮಾತಾಡೋಕೆ ಏನಾದರೂ ಬೇಕಿತ್ತು, ಅದಕ್ಕೆ ಹುಚ್ಚು ಅಂದೆ."

"ಅಪ್ಪಾ?" ಎಂದಳು ಮಗಳು.

ಕ್ಯಾಪ್ಟನ್ ಹೂಜಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. "ಹಾಗಾದ್ರೆ ಕಾಯಿರಿ ಅಂತ ಯಾವ ಧೈರ್ಯದ ಮೇಲೆ ಹೇಳಿದ್ರಿ?"

"ಚೆಲ್ಲಿದ ಮೇಲೆ ಕಾಯೋಕಾಗಲ್ವಲ್ಲ."

ಅವರು ಹೂಜಿ ಬಿಟ್ಟರು. ಅದನ್ನು ಮೇಜಿನ ಮೇಲಿಟ್ಟು ಎಲ್ಲರೂ ಅದರ ಸುತ್ತ ಕೂತೆವು, ಆಸ್ಪತ್ರೆಯಲ್ಲಿ ಕೂತ ಹಾಗೆ. ಕ್ಯಾಪ್ಟನ್ ಗಡಿಯಾರ ನೋಡಿ ವೇಳೆ ಗುರುತು ಹಾಕಿಕೊಂಡರು. ಸುಮ್ಮನಿದ್ದರೆ ಆ ಗಂಟೆ ಸರಿಯುತ್ತಿರಲಿಲ್ಲ. ಹಾಗಾಗಿ ನಾನೇ ನಡೆದದ್ದನ್ನೆಲ್ಲ ಹೇಳತೊಡಗಿದೆ. ಈರುಳ್ಳಿ, ಸೋಪು, ಬಲ್ಬು. ಜಡ್ಜ್ ಸಾಹೇಬರ ಮುಖ. ಅಕ್ಕ ಉಗುಳಿದ ದೂರ ಆರಡಿ ಅಂದಾಗ ಅಕ್ಕ, "ಏಳು," ಎಂದು ತಿದ್ದಿದಳು. ಬೀಗಿತ್ತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಹುಡುಗ ನೆಲದ ಮೇಲೆ ಕೂತುಬಿಟ್ಟಿದ್ದ. ಜ್ವರ ಬಂದ ಆ ಚಳಿಗಾಲದ ವಿಷಯಕ್ಕೆ ಬಂದೆ. ಮೂಗು ಹೋದದ್ದು ತಿಳಿದದ್ದು ಹೇಗೆಂದರೆ, ಹೆಂಡತಿಯ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬುವಾಗ, "ಅಡುಗೆಮನೇಲಿ ಏನೋ ಸೀಯ್ತಾ ಇದೆ, ಬ್ರೆಡ್ ಇರಬೇಕು ನೋಡಿ, ಹಾಂ, ಪೆಟ್ಟಿಗೆಗೆ ತುಂಬುವಾಗ ಒಂದಕ್ಕೂ ಅವಳ ವಾಸನೆ ಇರಲಿಲ್ಲ. ಆಗ ಗೊತ್ತಾಯ್ತು," ಎಂದೆ.

ಯಾರೂ ಮಾತಾಡಲಿಲ್ಲ. ದುಃಖದ ವಿಷಯ, ಅದಕ್ಕೇ ಸುಮ್ಮನಿದ್ದಾರೆ ಅಂದುಕೊಂಡೆ. ಅಕ್ಕ ಬಾಯಿ ತೆರೆದುಕೊಂಡು ನನ್ನನ್ನು ನೋಡುತ್ತಿದ್ದಳು. ಬೀಗಿತ್ತಿ ಒಮ್ಮೆಲೇ ಎದ್ದು ಅಡುಗೆಮನೆಗೆ ಓಡಿದರು. ಓವನ್ನಿನಲ್ಲಿಟ್ಟ ಬ್ರೆಡ್ಡಿನ ಒಂದು ಬದಿ ಕರಕಲಾಗಿತ್ತು. ಉಳಿದ ಐದು ಮೂಗಿಗೂ ಅದು ಇನ್ನೂ ತಿಳಿದಿರಲಿಲ್ಲ.

"ಏನಂದೆ ಈಗ?" ಎಂದಳು ಅಕ್ಕ.

"ಪೆಟ್ಟಿಗೆ..."

"ಅದಕ್ಕೆ ಮುಂಚೆ."

ಆಮೇಲೆ ನನಗೆ ಹೊಳೆಯಿತು. ಅಕ್ಕ ಸೀಟಿ ಊದಿದಳು. ಯಾಕೆಂದು ಅವಳಿಗೂ ತಿಳಿಯಲಿಲ್ಲವಂತೆ.

ಒಂದೂ ಕಾಲು ಗಂಟೆಯಾದ ಮೇಲೆ ಕ್ಯಾಪ್ಟನ್ ಆರು ಗ್ಲಾಸಿಗೆ ಹಾಕಿದರು. ಮಾತಾಡದೆ ಮೂಸಿದರು. ಕಣ್ಣು ಮುಚ್ಚಿ, ಮತ್ತೆ ಮೂಸಿದರು. "ಎದ್ದಿದೆ," ಎಂದರು. ಅವರ ದನಿ ಮತ್ತೆ ಗಾಳಿಗೆ ಎದುರು ನಿಂತಿತ್ತು. "ಬೀಗರೇ, ನೋಡಿ. ಪುಸ್ತಕದ್ದು ಬೇಡ. ನಿಮಗೆ ಬಂದದ್ದು ಹೇಳಿ."

ಗ್ಲಾಸು ತಿರುಗಿಸಿದೆ. ಯಾರ ಮುಖಕ್ಕೂ ಹಾರಲಿಲ್ಲ. ಮೂಗಿಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ಬಹಳ ದೂರದಿಂದ, ಬಾಗಿಲ ಆಚೆಯಿಂದ ಬಂದ ಹಾಗೆ ಏನೋ ಬಂತು. ಚರ್ಮ. ಅದರ ಹಿಂದೆ ಒಣಗಿದ ಹೂವು. ಸ್ವಲ್ಪ ಪೆಪ್ಪರಮಿಂಟು. ಕುಡಿದೆ. ತಣ್ಣಗಿನ ಕಪ್ಪು ಚಹದಂತೆ ನಾಲಿಗೆ ಒಗರಾಯಿತು. ನುಂಗಿದ ಮೇಲೆ ಸಿಹಿಯಲ್ಲದ ಒಂದು ಸಿಹಿ ಉಳಿಯಿತು, ಬಹಳ ಹೊತ್ತು.

"ಹ್ಯಾಂಡ್‌ಬ್ಯಾಗು," ಎಂದೆ. "ಹೆಂಗಸರ ಹ್ಯಾಂಡ್‌ಬ್ಯಾಗಿನ ಒಳಗಿನ ವಾಸನೆ. ನನ್ನ ಹೆಂಡತಿಯದು ಹೀಗೇ ಇರುತ್ತಿತ್ತು."

ಕ್ಯಾಪ್ಟನ್ ತಮ್ಮ ಗ್ಲಾಸಿಗೆ ಮೂಗಿಟ್ಟರು. ಗಂಭೀರವಾಗಿ ತಲೆಯಾಡಿಸಿದರು. "ಹೌದು. ಹ್ಯಾಂಡ್‌ಬ್ಯಾಗೇ."

ಬೀಗಿತ್ತಿ ಒಳಗೆ ಹೋಗಿ ತಮ್ಮ ಬ್ಯಾಗು ತಂದು, ಕೀಲಿಕೈ, ಔಷಧಿ, ಛತ್ರಿ ಎಲ್ಲ ಮೇಜಿನ ಮೇಲೆ ಸುರಿದು ಖಾಲಿ ಮಾಡಿದರು. ಒಬ್ಬರಾದ ಮೇಲೊಬ್ಬರು ಬ್ಯಾಗಿನೊಳಗೆ ಮುಖವಿಟ್ಟು, ಆಮೇಲೆ ಗ್ಲಾಸಿಗೆ ಮೂಗಿಟ್ಟು ಹೋಲಿಸಿದೆವು. ಹುಡುಗ ಅಂತೂ ಕಿವಿಯವರೆಗೂ ತಲೆ ತೂರಿಸಿದ. ಅಕ್ಕನಿಗೆ ಕೆಮ್ಮಿನ ಮಾತ್ರೆಯ ವಾಸನೆ ಮಾತ್ರ ಬಂತಂತೆ. ಮಗಳು ಬ್ಯಾಗು ಮುಟ್ಟಲಿಲ್ಲ. ಗ್ಲಾಸನ್ನೇ ಮೂಗಿಗೆ ಹಿಡಿದುಕೊಂಡು ಕೂತಿದ್ದಳು.

"ಕಂದು ಬಣ್ಣದ್ದು ಅಲ್ವಾ ಅಪ್ಪಾ? ಕಪ್ಪು ಅಲ್ಲ."

"ಕಂದು," ಎಂದೆ.

ಸುಟ್ಟ ಬ್ರೆಡ್ಡನ್ನೇ ಕೆರೆದು ತಿಂದೆವು. ನಾಲ್ಕೂವರೆಗೆ ಹೊರಟೆವು. ದಾರಿಯಲ್ಲಿ ಮಗಳು ನಗುತ್ತಲೇ ಇದ್ದಳು. "ಇವತ್ತು ನೀನು ಬೇರೆಯವರಿಗೆ ಮಾತಾಡೋಕೇ ಬಿಡಲಿಲ್ಲ," ಎಂದಳು. ಸುಮ್ಮನೆ ಏನಾದರೂ ಹೇಳುತ್ತಾಳೆ. ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಅಷ್ಟೆ.

ಮಾರ್ಚ್ 31, ಸೋಮವಾರ

ಅಂಗಡಿ ತೆರೆಯುವ ಮೊದಲೇ ಕ್ಯಾಪ್ಟನ್ ಬಾಗಿಲಲ್ಲಿ ನಿಂತಿದ್ದರು. ಕಣ್ಣು ಪರೀಕ್ಷೆ ಮಾಡಿಸಬೇಕಂತೆ. ಕುರ್ಚಿಯಲ್ಲಿ ಕೂರಿಸಿದೆ. ಕೊನೆಯ ನಾಲ್ಕು ಸಾಲು ಓದಲಾಗಲಿಲ್ಲ. ಐದನೆಯದನ್ನು ತಪ್ಪು ಓದಿ, ಚಾರ್ಟೇ ತಪ್ಪು ಎಂದು ವಾದ ಮಾಡಿದರು. ಹಾಕಿಕೊಂಡಿದ್ದ ಕನ್ನಡಕ ಎಂಟು ವರ್ಷ ಹಳೆಯದು.

"ಹಾಗಾದ್ರೆ ನಿನ್ನೆ ನಾನು ನೋಡಿದ ಬಣ್ಣ?"

"ಅರ್ಧ ನೋಡಿದೀರಿ."

ಸ್ವಲ್ಪ ಯೋಚಿಸಿದರು. "ನೀವೂ ಅರ್ಧ ಮೂಗಲ್ಲಿ ಕುಡಿದ್ರಿ. ಇನ್ನೊಂದು ಬಾಟಲಿ ತಂದಿಡಬೇಕಾಗುತ್ತೆ."

"ಎಷ್ಟು ವರ್ಷ ಇಡೋದು?"

"ಮೂವತ್ತು," ಎಂದವರು ನನ್ನ ಮುಖ ನೋಡಿದರು. ಇಬ್ಬರೂ ಬೆರಳು ಮಡಿಸಿ ವಯಸ್ಸಿನ ಲೆಕ್ಕ ಹಾಕಿದೆವು. ಇಪ್ಪತ್ತಕ್ಕೆ ಇಳಿಸಿದರು. ನಾನು ಹತ್ತು ಅಂದೆ. ಹನ್ನೆರಡಕ್ಕೆ ಒಪ್ಪಂದವಾಯಿತು. ಯಾರ ಮನೆಯಲ್ಲಿ ಇಡಬೇಕೆಂಬುದು ಮಾತ್ರ ಇತ್ಯರ್ಥವಾಗಿಲ್ಲ. ತಮ್ಮ ಮನೆ ತಂಪು ಎಂದು ಅವರು. ನಾನು ಮನೆ ಬದಲಾಯಿಸುವವನಲ್ಲ ಎಂದು ನಾನು. ಮಧ್ಯಾಹ್ನ ಊಟದವರೆಗೂ ಜಗಳವಾಡಿದೆವು. ನಾಳೆ ಬೆಳಿಗ್ಗೆ ಮತ್ತೆ ಬರುತ್ತೇನೆ ಎಂದು ಹೇಳಿ ಹೋಗಿದ್ದಾರೆ.